ಬಾಡಿಗೆ ಆದಾಯಕ್ಕೆ ಆಸ್ತಿ: ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ಆಸ್ತಿಯಿಂದ ತಿಂಗಳು ತಿಂಗಳು ಆದಾಯ ಬರುವ ಹಾಗೆ ಮಾಡಿಕೊಳ್ಳಬೇಕು ಅನ್ನುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಕಾನೂನು, ತೆರಿಗೆ ದೇಶದಿಂದ ದೇಶಕ್ಕೆ ಬೇರೆ. ಲೆಕ್ಕ ಮಾತ್ರ ಎಲ್ಲ ಕಡೆ ಒಂದೇ. ಅದಕ್ಕೇ ಲೆಕ್ಕಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಉದಾಹರಣೆಯ ಅಂಕಿಗಳ ಮುಂದೆ ಯಾವ ದೇಶದ ಹಣ ಬೇಕಾದರೂ ಇಟ್ಟುಕೊಂಡು ಓದಿ.

## ಶುರು ಮಾಡುವ ಮುಂಚೆ

ಒಂದು ಮನೆ ತಗೊಂಡು ಬಾಡಿಗೆಗೆ ಬಿಟ್ರೆ ಆಮೇಲೆ ಸುಮ್ನೆ ಕೂತು ತಿನ್ನಬಹುದು ಅಂತಾರೆ. ನಿಜಾನಾ?

ಪೂರ್ತಿ ನಿಜ ಅಲ್ಲ. ನೌಕರಿಯಷ್ಟು ಕೆಲಸ ಇರುವುದಿಲ್ಲ, ಅಷ್ಟೇ. ಬಾಡಿಗೆದಾರರನ್ನು ಹುಡುಕಬೇಕು, ಕರಾರು ಮಾಡಿಸಬೇಕು, ಪಂಪು ಕೆಟ್ಟರೆ ರಿಪೇರಿಗೆ ಯಾರನ್ನಾದರೂ ಕಳಿಸಬೇಕು, ತೆರಿಗೆ ಕಟ್ಟಬೇಕು. ಎಷ್ಟೋ ತಿಂಗಳು ಒಂದು ಫೋನೂ ಬರುವುದಿಲ್ಲ. ಯಾವುದೋ ಒಂದು ತಿಂಗಳು ದಿನಾ ಬರುತ್ತದೆ.

ಗಮನಿಸಬೇಕಾದ್ದು ಬೇರೆ ಇದೆ. ಇದರಲ್ಲಿ ಕೆಲಸದ ದೊಡ್ಡ ಪಾಲು ಇರುವುದು ಕೊಳ್ಳುವ ಮುಂಚೆ. ಸರಿಯಾದ ಬೆಲೆಗೆ ಕೊಂಡರೆ ಆಮೇಲಿನ ಸಣ್ಣಪುಟ್ಟ ತೊಂದರೆಗಳನ್ನೆಲ್ಲ ತಡೆದುಕೊಳ್ಳಬಹುದು. ಜಾಸ್ತಿ ಬೆಲೆಗೆ ಕೊಂಡ ಮನೆಯನ್ನು ಎಷ್ಟು ಚೆನ್ನಾಗಿ ನೋಡಿಕೊಂಡರೂ ಅದರ ಆದಾಯ ಸರಿಹೋಗುವುದಿಲ್ಲ.

ಸೈಟ್ ತಗೊಳ್ಳೋದು ಒಳ್ಳೇದಾ, ಕಟ್ಟಿದ ಮನೆ ಒಳ್ಳೇದಾ?

ತಿಂಗಳ ಆದಾಯ ಬೇಕು ಅಂದರೆ ಕಟ್ಟಿದ ಮನೆ. ಖಾಲಿ ಸೈಟ್ ಬಾಡಿಗೆ ಕೊಡುವುದಿಲ್ಲ. ತೆರಿಗೆ ಕೇಳುತ್ತದೆ, ಬೇಲಿ ಕೇಳುತ್ತದೆ, ಯಾರಾದರೂ ಒತ್ತುವರಿ ಮಾಡಿದ್ದಾರಾ ಅಂತ ಆಗಾಗ ಹೋಗಿ ನೋಡಬೇಕು. ವಾಹನ ನಿಲ್ಲಿಸಲು, ಸರಕು ಇಡಲು ಜಾಗ ಬೇಕಾದವರು ಹತ್ತಿರದಲ್ಲಿದ್ದರೆ ಮಾತು ಬೇರೆ.

ಬಾಡಿಗೆ ಕಡಿಮೆ ಬಂದ್ರೇನಾಯ್ತು, ಬೆಲೆ ಏರುತ್ತಲ್ವಾ? ಭೂಮಿ ಬೆಲೆ ಯಾವತ್ತಾದ್ರೂ ಇಳಿಯುತ್ತಾ?

ಇಳಿಯುತ್ತದೆ, ಇಳಿದಿದೆ. ಜಪಾನಿನಲ್ಲಿ 1980ರ ದಶಕದಲ್ಲಿ ಎಲ್ಲರೂ ಹೀಗೇ ನಂಬಿದ್ದರು. 1991ರ ಸುಮಾರಿಗೆ ಭೂಮಿ ಬೆಲೆ ತುದಿ ಮುಟ್ಟಿತು. ಅಲ್ಲಿಂದ ಹತ್ತು ವರ್ಷಕ್ಕೂ ಜಾಸ್ತಿ ಕಾಲ ಇಳಿಯುತ್ತಲೇ ಹೋಯಿತು. ಅಮೆರಿಕದಲ್ಲಿ 2006ರಲ್ಲಿ ತುದಿಯಲ್ಲಿದ್ದ ಮನೆಗಳ ಬೆಲೆ 2012ರ ಹೊತ್ತಿಗೆ ದೇಶದ ಸರಾಸರಿಯಲ್ಲೇ ಕಾಲು ಭಾಗಕ್ಕಿಂತ ಜಾಸ್ತಿ ಕುಸಿದಿತ್ತು. ಕೆಲವು ಊರುಗಳಲ್ಲಿ ಅರ್ಧಕ್ಕೂ ಇಳಿಯಿತು.

ಬೆಲೆ ಏರುವುದೇ ಇಲ್ಲ ಅಂತ ಹೇಳುತ್ತಿಲ್ಲ. ಏರಿದರೆ ಒಳ್ಳೆಯದೇ. ಆದರೆ ಅದನ್ನು ಲೆಕ್ಕಕ್ಕೆ ಸೇರಿಸಿಕೊಂಡು ಕೊಳ್ಳಬೇಡಿ. ಇವತ್ತು ಬರುವ ಬಾಡಿಗೆ ಕಣ್ಣಿಗೆ ಕಾಣುತ್ತದೆ, ಅಕ್ಕಪಕ್ಕದ ಮನೆಯವರನ್ನು ಕೇಳಿ ಖಚಿತ ಮಾಡಿಕೊಳ್ಳಬಹುದು. ಹತ್ತು ವರ್ಷದ ನಂತರದ ಬೆಲೆಯನ್ನು ಯಾರನ್ನು ಕೇಳುತ್ತೀರಿ?

ಕೈಯಲ್ಲಿ ಎಷ್ಟು ದುಡ್ಡಿದ್ರೆ ಶುರು ಮಾಡಬಹುದು?

ಬ್ಯಾಂಕು ಸಾಮಾನ್ಯವಾಗಿ ಪೂರ್ತಿ ಬೆಲೆಗೆ ಸಾಲ ಕೊಡುವುದಿಲ್ಲ. ಸುಮಾರು 20% ನೀವೇ ಹಾಕಬೇಕಾಗುತ್ತದೆ. ಅದರ ಮೇಲೆ ಮುದ್ರಾಂಕ ಶುಲ್ಕ, ನೋಂದಣಿ, ವಕೀಲರ ಫೀಸು, ಬ್ರೋಕರ್ ಕಮಿಷನ್. ಇವಕ್ಕೆ ಸಾಲ ಸಿಗುವುದು ಕಷ್ಟ. ಮನೆಗೆ ಬಣ್ಣ, ಸಣ್ಣ ರಿಪೇರಿಗೂ ಕೈಯಿಂದಲೇ ಹೋಗುತ್ತದೆ.

ಇಷ್ಟೆಲ್ಲ ಕೊಟ್ಟ ಮೇಲೂ ಆರು ತಿಂಗಳ ಮನೆಖರ್ಚು, ಆರು ತಿಂಗಳ ಸಾಲದ ಕಂತು ಪಕ್ಕಕ್ಕೆ ಉಳಿದಿರಬೇಕು. ಉಳಿಯುವುದಿಲ್ಲ ಅಂದರೆ ಇನ್ನೂ ಸ್ವಲ್ಪ ಕಾಲ ಕೂಡಿಡಿ. ಮನೆಯನ್ನು ತುರ್ತಿಗೆ ಅಂತ ಒಂದು ವಾರದಲ್ಲಿ ಮಾರಲು ಆಗುವುದಿಲ್ಲ. ಒಂದು ಕೋಣೆಯನ್ನಷ್ಟೇ ಮಾರಲೂ ಆಗುವುದಿಲ್ಲ.

ಅಷ್ಟು ದುಡ್ಡಿಲ್ಲ. ನಾವು ಇರೋ ಮನೇಲೇ ಏನಾದ್ರೂ ಮಾಡಬಹುದಾ?

ಮಾಡಬಹುದು. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಶುರು ನನಗೆ ಗೊತ್ತಿಲ್ಲ. ಕೆಳಗೆ ನೀವು, ಮೇಲೆ ಬಾಡಿಗೆದಾರರು. ಇಲ್ಲದಿದ್ದರೆ ಬೇರೆ ಬಾಗಿಲಿರುವ ಒಂದು ಭಾಗ. ನಲ್ಲಿ ಸೋರಿದರೆ ನಿಮಗೇ ಗೊತ್ತಾಗುತ್ತದೆ, ಯಾರಿಗೋ ದುಡ್ಡು ಕೊಟ್ಟು ನೋಡಿಕೊಳ್ಳಿ ಅನ್ನಬೇಕಿಲ್ಲ. ಸ್ವಂತ ವಾಸದ ಮನೆಗೆ ಸಾಲದ ಬಡ್ಡಿ ಕೂಡ ಹಲವು ಕಡೆ ಕಡಿಮೆ. ಕಷ್ಟ ಇರುವುದು ಒಂದೇ: ಅವರ ಗಲಾಟೆ ನಿಮಗೆ ಕೇಳುತ್ತದೆ, ನಿಮ್ಮದು ಅವರಿಗೆ.

## ಲೆಕ್ಕ

ಬ್ರೋಕರ್ ‘ಒಳ್ಳೆ ರಿಟರ್ನ್ ಇದೆ’ ಅಂತಾರೆ. ನಿಜವಾಗಿ ಎಷ್ಟು ಬರುತ್ತೆ ಅಂತ ನಾನೇ ಹೇಗೆ ನೋಡಲಿ?

ಒಂದು ಹಾಳೆ ತಗೊಳ್ಳಿ. ಮನೆ ಬೆಲೆ 50 ಲಕ್ಷ, ಬಾಡಿಗೆ ತಿಂಗಳಿಗೆ 18,000 ಅಂದುಕೊಳ್ಳೋಣ. ವರ್ಷಕ್ಕೆ 2,16,000. ಬ್ರೋಕರ್ ಇದನ್ನು 50 ಲಕ್ಷದಿಂದ ಭಾಗಿಸಿ 4.3% ಅನ್ನುತ್ತಾರೆ.

ಈಗ ನೀವು ಬರೆಯಿರಿ. ನೋಂದಣಿ, ಶುಲ್ಕ, ಕಮಿಷನ್ ಎಲ್ಲ ಸೇರಿ 4 ಲಕ್ಷ ಆಯಿತು ಅಂದರೆ ನಿಮ್ಮ ಕೈಯಿಂದ ಹೋದದ್ದು 54 ಲಕ್ಷ. ವರ್ಷಕ್ಕೆ ಒಂದು ತಿಂಗಳು ಖಾಲಿ ಬಿದ್ದರೆ 18,000 ಹೋಯಿತು. ಅಪಾರ್ಟ್‌ಮೆಂಟಿನ ನಿರ್ವಹಣೆ 24,000. ಆಸ್ತಿ ತೆರಿಗೆ 8,000. ರಿಪೇರಿ, ಬಣ್ಣಕ್ಕೆ ಅಂತ 25,000. ಒಟ್ಟು ಖರ್ಚು 75,000. ಕೈಗೆ ಉಳಿಯುವುದು 1,41,000. ಅದನ್ನು 54 ಲಕ್ಷದಿಂದ ಭಾಗಿಸಿದರೆ 2.6%. ಆದಾಯ ತೆರಿಗೆ ಇನ್ನೂ ಬಾಕಿ.

ಅದೇ ಮನೆ, ಅದೇ ಬಾಡಿಗೆ. 4.3% ಎಲ್ಲಿ, 2.6% ಎಲ್ಲಿ! ಮನೆ ನೋಡಲು ಹೋಗುವ ಮುಂಚೆಯೇ ಈ ಲೆಕ್ಕ ಹಾಕಿ. ಮನೆ ಕಣ್ಣಿಗೆ ಹಿಡಿಸಿದ ಮೇಲೆ ಖರ್ಚಿನ ಅಂಕಿಗಳನ್ನು ನಾವೇ ಕಡಿಮೆ ಬರೆದುಕೊಳ್ಳಲು ಶುರು ಮಾಡುತ್ತೇವೆ.

ರಿಪೇರಿಗೆ ಎಷ್ಟು ತೆಗೆದಿಡಬೇಕು? ಹೊಸ ಮನೆಗೆ ಏನೂ ಬೇಡ ಅಲ್ವಾ?

ಮನೆ ಬೆಲೆಯ 1% ವರ್ಷಕ್ಕೆ ತೆಗೆದಿಡಿ ಅಂತ ಒಂದು ಅಂದಾಜು ಬಳಕೆಯಲ್ಲಿದೆ. ಭೂಮಿ ಬೆಲೆ ತುಂಬಾ ಇರುವ ಕಡೆ ಇದು ಜಾಸ್ತಿ ಆಗುತ್ತದೆ, ಹಳೇ ಕಟ್ಟಡಕ್ಕೆ ಸಾಲದೇ ಹೋಗುತ್ತದೆ. ಹೊಸ ಮನೆಗೆ ಮೊದಲ ಕೆಲವು ವರ್ಷ ಏನೂ ಬೇಕಾಗದೆ ಇರಬಹುದು. ಆದರೂ ತೆಗೆದಿಡಿ. ಲಿಫ್ಟ್, ಚಾವಣಿ, ಒಳಗಿನ ಪೈಪುಗಳ ಖರ್ಚು ವರ್ಷ ವರ್ಷ ಸ್ವಲ್ಪ ಸ್ವಲ್ಪ ಬರುವುದಿಲ್ಲ. ಬಂದರೆ ಒಂದೇ ಸಲ ಬರುತ್ತದೆ.

2.6% ಅಂದ್ರೆ ಬ್ಯಾಂಕಲ್ಲಿ ಠೇವಣಿ ಇಟ್ರೇ ಒಳ್ಳೇದಲ್ವಾ?

ಎಷ್ಟೋ ಸಲ ಹೌದು. ಠೇವಣಿಗೆ 7% ಸಿಗುವ ಕಡೆ 2.6%ಗೆ ಮನೆ ಕೊಳ್ಳಲು ಬಲವಾದ ಕಾರಣ ಬೇಕು.

ಒಂದು ಕಾರಣ ಇದೆ. ಠೇವಣಿಯ ಅಸಲು ಎಷ್ಟಿತ್ತೋ ಅಷ್ಟೇ ಇರುತ್ತದೆ, ಬಡ್ಡಿಯೂ ಹೆಚ್ಚುಕಡಿಮೆ ಅಷ್ಟೇ. ಬಾಡಿಗೆ ಹಾಗಲ್ಲ, ದಿನಬಳಕೆಯ ಸಾಮಾನಿನ ಬೆಲೆ ಏರಿದ ಹಾಗೆ ಸಾಮಾನ್ಯವಾಗಿ ಅದೂ ಏರುತ್ತದೆ. ವರ್ಷಕ್ಕೆ 5% ಏರಿದರೆ ಸುಮಾರು 14 ವರ್ಷಕ್ಕೆ ಎರಡರಷ್ಟಾಗುತ್ತದೆ. ಇಪ್ಪತ್ತು ಮೂವತ್ತು ವರ್ಷದ ಆದಾಯ ಬೇಕಾದವರಿಗೆ ಇದು ಸಣ್ಣ ಮಾತಲ್ಲ. ಆದರೆ ಮೂರ್ನಾಲ್ಕು ವರ್ಷಕ್ಕೆ ದುಡ್ಡು ವಾಪಸ್ ಬೇಕು ಅನ್ನುವವರು ಮನೆ ಕೊಳ್ಳಬಾರದು. ಕೊಳ್ಳುವಾಗಿನ ಶುಲ್ಕ, ಮಾರುವಾಗಿನ ಕಮಿಷನ್, ತೆರಿಗೆ ಸೇರಿ ಬಂದದ್ದನ್ನೆಲ್ಲ ನುಂಗಿಬಿಡುತ್ತವೆ.

## ಸಾಲ

ಸಾಲ ಮಾಡಿ ಮನೆ ತಗೊಂಡ್ರೆ ಬಾಡಿಗೇಲೇ ಕಂತು ಕಟ್ಟಿಕೊಂಡು ಹೋಗುತ್ತೆ ಅಲ್ವಾ?

ಮೇಲಿನ ಮನೆಗೇ ನೋಡೋಣ. 40 ಲಕ್ಷ ಸಾಲ, 9% ಬಡ್ಡಿ, 20 ವರ್ಷ. ತಿಂಗಳ ಕಂತು ಸುಮಾರು 36,000. ಖರ್ಚು ಕಳೆದು ಬಾಡಿಗೆಯಿಂದ ಉಳಿಯುವುದು ತಿಂಗಳಿಗೆ 11,750. ಮಿಕ್ಕ ಸುಮಾರು 24,000 ನಿಮ್ಮ ಸಂಬಳದಿಂದ ಹೋಗಬೇಕು. ಆದಾಯಕ್ಕೆ ಅಂತ ಕೊಂಡ ಮನೆಗೆ ನೀವೇ ಪ್ರತಿ ತಿಂಗಳು ದುಡ್ಡು ಕೊಡುತ್ತಿದ್ದೀರಿ.

‘ಅದರಲ್ಲಿ ಅಸಲೂ ತೀರುತ್ತಲ್ಲ’ ಅಂತ ಕೆಲವರು ಹೇಳುತ್ತಾರೆ. ತೀರುತ್ತದೆ, ಆದರೆ ತುಂಬಾ ನಿಧಾನವಾಗಿ. ಮೊದಲ ತಿಂಗಳ 36,000ದಲ್ಲಿ 30,000 ಬಡ್ಡಿಗೇ ಹೋಗುತ್ತದೆ. ಅಸಲಿಗೆ ಹೋಗುವುದು 6,000. ಇನ್ನು ಬಡ್ಡಿ ದರ ಬದಲಾಗುವ ಸಾಲವಾಗಿದ್ದು 9% ಇದ್ದದ್ದು 11% ಆದರೆ ಅದೇ ಅವಧಿಗೆ ಕಂತು ಸುಮಾರು 41,300 ಆಗುತ್ತದೆ. ಬಾಡಿಗೆದಾರರು ಅದಕ್ಕೆ ತಕ್ಕಂತೆ ಜಾಸ್ತಿ ಕೊಡುವುದಿಲ್ಲ.

ಹಾಗಾದ್ರೆ ಸಾಲ ಮಾಡಲೇಬಾರದಾ?

ಹಾಗಲ್ಲ. ಖರ್ಚೆಲ್ಲ ಕಳೆದ ಬಾಡಿಗೆಯ ಶೇಕಡಾವಾರು ಸಾಲದ ಬಡ್ಡಿಗಿಂತ ಜಾಸ್ತಿ ಇದ್ದರೆ ಸಾಲ ನಿಮ್ಮ ಪರ ಕೆಲಸ ಮಾಡುತ್ತದೆ. ಕಡಿಮೆ ಇದ್ದರೆ ನಿಮ್ಮ ವಿರುದ್ಧ. ಇಷ್ಟು ನೋಡಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. 4% ಬಡ್ಡಿಗೆ 30 ವರ್ಷದ ಸಾಲ ಸಿಗುವ ದೇಶದಲ್ಲಿ ಅದೇ 40 ಲಕ್ಷಕ್ಕೆ ಕಂತು ಸುಮಾರು 19,000. ಅಲ್ಲಿ ಸಾಲ ಮಾಡಿ ಆದಾಯ ಕಂಡವರ ಕಥೆ ಓದಿ, 9% ಬಡ್ಡಿ ಇರುವ ಕಡೆ ಹಾಗೇ ಮಾಡಲು ಹೋದರೆ ಹೊರೆ ನಿಮ್ಮ ಮೇಲೆ ಬೀಳುತ್ತದೆ.

ಇನ್ನೊಂದು ವಿಷಯ. 20% ನಿಮ್ಮದು, 80% ಸಾಲ ಅಂತಿದ್ದರೆ ಬೆಲೆ 20% ಇಳಿದರೂ ಸಾಕು, ನೀವು ಹಾಕಿದ ದುಡ್ಡು ಪೂರ್ತಿ ಹೋದ ಹಾಗೆ. ಸಾಲ ಅಷ್ಟೇ ಇರುತ್ತದೆ.

## ಮನೆ ಮತ್ತು ಬಾಡಿಗೆದಾರರು

ಮನೆ ನೋಡೋಕೆ ಹೋದಾಗ ಏನೇನು ಗಮನಿಸಬೇಕು?

ಸಾಧ್ಯವಾದರೆ ಮಳೆ ಬಂದು ನಿಂತ ಮೇಲೆ ಹೋಗಿ. ಬಾತ್‌ರೂಮಿನ ಗೋಡೆಯ ಇನ್ನೊಂದು ಮಗ್ಗುಲಿಗೆ, ಅಂದರೆ ಸಾಮಾನ್ಯವಾಗಿ ಮಲಗುವ ಕೋಣೆಯ ಕಡೆಗೆ, ಅಂಗೈ ಇಟ್ಟು ನೋಡಿ. ತಣ್ಣಗೆ ತೇವ ತಾಗಿದರೆ ಒಳಗೆ ಪೈಪೋ ಟೈಲ್ಸ್ ಸಂದೋ ಸೋರುತ್ತಿದೆ. ನೆಲದಿಂದ ಒಂದೆರಡು ಅಡಿ ಎತ್ತರದವರೆಗೆ ಬಣ್ಣ ಉಬ್ಬಿ, ಬಿಳಿ ಪುಡಿ ಉದುರುತ್ತಿದ್ದರೆ ನೆಲದ ತೇವ ಮೇಲೇರುತ್ತಿದೆ. ಇಡೀ ಮನೆಗೆ ಹಳೇ ಬಣ್ಣ ಇದ್ದು ಒಂದೇ ಮೂಲೆಗೆ ಹೊಸದು ಹೊಡೆದಿದ್ದರೆ ಯಾಕೆ ಅಂತ ಕೇಳಿ. ಕೊನೆಯ ಮಹಡಿಯಾದರೆ ತಲೆ ಎತ್ತಿ ಚಾವಣಿ ಪೂರ್ತಿ ನೋಡಿ.

ಅಡುಗೆಮನೆ, ಬಾತ್‌ರೂಮು ಎರಡೂ ಕಡೆ ನಲ್ಲಿ ಒಟ್ಟಿಗೆ ಬಿಡಿ. ನೀರಿನ ರಭಸ ಕುಗ್ಗುತ್ತದಾ, ಬಿಟ್ಟ ನೀರು ಬೇಗ ಇಳಿದು ಹೋಗುತ್ತದಾ ನೋಡಿ. ಈಗ ಇರುವ ಬಾಡಿಗೆದಾರರು ಸಿಕ್ಕರೆ ಎರಡು ನಿಮಿಷ ಮಾತಾಡಿ, ಯಾಕೆ ಬಿಡುತ್ತಿದ್ದಾರೆ ಕೇಳಿ. ಮಾರುವವರು ಹೇಳದ ವಿಷಯ ಅವರ ಬಾಯಲ್ಲಿ ಬರುತ್ತದೆ. ಬಾಡಿಗೆ ಎಷ್ಟು ಅನ್ನುವುದನ್ನೂ ಅವರಿಂದಲೇ ತಿಳಿಯಿರಿ.

ಬ್ಯಾಂಕೇ ಕಾಗದಪತ್ರ ನೋಡಿ ಸಾಲ ಕೊಟ್ಟಿದೆ. ಮತ್ತೆ ನಾನ್ಯಾಕೆ ವಕೀಲರಿಗೆ ದುಡ್ಡು ಕೊಡಲಿ?

ಬ್ಯಾಂಕಿನ ವಕೀಲರು ನೋಡುವುದು ಬ್ಯಾಂಕಿನ ಹಿತ. ಸಾಲ ವಸೂಲಾಗುತ್ತದಾ ಅನ್ನುವುದು ಅವರ ಪ್ರಶ್ನೆ. ಮಾರುತ್ತಿರುವವರಿಗೆ ಹಕ್ಕು ಹೇಗೆ ಬಂತು, ಹಿಂದಿನ ಕ್ರಯಪತ್ರಗಳ ಕೊಂಡಿ ಎಲ್ಲೂ ತಪ್ಪಿಲ್ಲವಾ, ಸಹಿ ಹಾಕದ ಪಾಲುದಾರರಿದ್ದಾರಾ, ಹಳೇ ಸಾಲ ಅಥವಾ ದಾವೆ ಇದೆಯಾ, ಕಟ್ಟಿರುವುದು ಅನುಮೋದನೆ ಆದ ನಕ್ಷೆಯಂತೆಯೇ ಇದೆಯಾ ಅನ್ನುವುದು ನಿಮ್ಮ ಪ್ರಶ್ನೆ. ನಿಮ್ಮ ಕಡೆಯ ವಕೀಲರು ಬೇಕೇ ಬೇಕು, ಅವರು ಮಾರುವವರು ತೋರಿಸಿಕೊಟ್ಟವರಾಗಿರಬಾರದು.

ಒಳ್ಳೆ ಬಾಡಿಗೆದಾರರು ಅಂತ ಗುರುತಿಸೋದು ಹೇಗೆ?

ಬಾಡಿಗೆ ಅವರ ತಿಂಗಳ ಆದಾಯದ ಮೂರನೇ ಒಂದು ಭಾಗ ದಾಟದಿದ್ದರೆ ಒಳ್ಳೆಯದು. ಗುರುತಿನ ದಾಖಲೆ ನೋಡಿ. ಹಿಂದಿನ ಮನೆಯ ಓನರ್ ಜೊತೆ ಮಾತಾಡಿ. ಈಗ ಇರುವ ಮನೆಯ ಓನರ್ ಅವರನ್ನು ಸಾಗಹಾಕುವ ಆಸೆಗೆ ಹೊಗಳಬಹುದು. ಅದಕ್ಕೂ ಹಿಂದಿನವರು ಇದ್ದದ್ದು ಇದ್ದ ಹಾಗೆ ಹೇಳುತ್ತಾರೆ. ಜಾತಿ, ಧರ್ಮ, ಮದುವೆ ಆಗಿದೆಯಾ ಇಲ್ಲವಾ ಅಂತ ನೋಡಿ ಬೇಡ ಅನ್ನುವುದು ತಪ್ಪು. ಎಷ್ಟೋ ದೇಶಗಳಲ್ಲಿ ಕಾನೂನಿನ ಪ್ರಕಾರವೂ ತಪ್ಪು. ಬಾಡಿಗೆ ಹೊತ್ತಿಗೆ ಸರಿಯಾಗಿ ಬರುತ್ತದಾ ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಬೀಗದ ಕೈ ಕೊಡುವ ದಿನ ಪ್ರತಿ ಕೋಣೆಯ ಫೋಟೋ ತೆಗೆದು ಇಬ್ಬರೂ ಇಟ್ಟುಕೊಳ್ಳಿ. ಖಾಲಿ ಮಾಡುವಾಗ ಅಡ್ವಾನ್ಸ್ ಬಗ್ಗೆ ಆಗುವ ಜಗಳ ಮುಕ್ಕಾಲು ಪಾಲು ಅಲ್ಲೇ ತಪ್ಪುತ್ತದೆ.

ಪ್ರತಿ ವರ್ಷ ಬಾಡಿಗೆ ಏರಿಸಲೇಬೇಕಾ?

ಕರಾರಿನಲ್ಲಿ ಬರೆದಷ್ಟು ಏರಿಸಿ. ಅದಕ್ಕಿಂತ ಜಾಸ್ತಿ ಎಳೆಯುವ ಮುಂಚೆ ಲೆಕ್ಕ ಹಾಕಿ. 18,000 ಬಾಡಿಗೆಗೆ ಇನ್ನೂ 1,000 ಸೇರಿಸಿದರೆ ವರ್ಷಕ್ಕೆ ಬರುವುದು 12,000. ಅದೇ ಕಾರಣಕ್ಕೆ ಒಳ್ಳೆಯ ಬಾಡಿಗೆದಾರರು ಬಿಟ್ಟು ಹೋಗಿ ಮನೆ ಒಂದು ತಿಂಗಳು ಖಾಲಿ ಬಿದ್ದರೆ 18,000 ನಷ್ಟ. ಮೇಲೆ ಬಣ್ಣ, ಬ್ರೋಕರ್ ಖರ್ಚು. ಹೊತ್ತಿಗೆ ಸರಿಯಾಗಿ ಕೊಟ್ಟು, ಮನೆಯನ್ನು ಚೆನ್ನಾಗಿ ಇಟ್ಟುಕೊಂಡವರನ್ನು ಉಳಿಸಿಕೊಳ್ಳಿ.

ನಾನು ಬೇರೆ ಊರಲ್ಲಿದ್ದೀನಿ. ನೋಡಿಕೊಳ್ಳೋಕೆ ಯಾರಿಗಾದ್ರೂ ವಹಿಸಬಹುದಾ?

ವಹಿಸಬಹುದು. ಇದನ್ನೇ ವೃತ್ತಿ ಮಾಡಿಕೊಂಡವರು ಹಲವು ಕಡೆ ಬಾಡಿಗೆಯ 8ರಿಂದ 10% ತಗೊಳ್ಳುತ್ತಾರೆ. ಹೊಸ ಬಾಡಿಗೆದಾರರನ್ನು ತಂದರೆ ಬೇರೆ ಶುಲ್ಕ. ಎಷ್ಟು ಮೊತ್ತದವರೆಗಿನ ರಿಪೇರಿಯನ್ನು ಕೇಳದೆ ಮಾಡಿಸಬಹುದು ಅಂತ ಕರಾರಿನಲ್ಲೇ ಬರೆಸಿ. ಬಾಡಿಗೆ ನೇರವಾಗಿ ನಿಮ್ಮ ಖಾತೆಗೆ ಬರಲಿ.

## ಮನೆ ಕೊಳ್ಳದೆಯೂ

ರೀಟ್ ಅಂತಾರಲ್ಲ, ಅದೇನು? ಸ್ವಲ್ಪ ದುಡ್ಡಲ್ಲೂ ಆಗುತ್ತಾ?

ರೀಟ್ ಅಂದರೆ ಬಾಡಿಗೆ ಬರುವ ಕಟ್ಟಡಗಳನ್ನು ಇಟ್ಟುಕೊಂಡಿರುವ ಒಂದು ಸಂಸ್ಥೆ. ಅದರ ಪಾಲನ್ನು ಷೇರಿನ ಹಾಗೆ ಮಾರುಕಟ್ಟೆಯಲ್ಲಿ ಕೊಳ್ಳಬಹುದು. ಅಮೆರಿಕ 1960ರಲ್ಲಿ ಕಾನೂನು ಮಾಡಿ ಇದಕ್ಕೆ ದಾರಿ ಮಾಡಿಕೊಟ್ಟಿತು. ಜಪಾನಿನಲ್ಲಿ 2001ರಲ್ಲಿ, ಬ್ರಿಟನ್ನಿನಲ್ಲಿ 2007ರಲ್ಲಿ ಬಂತು. ಭಾರತದಲ್ಲಿ ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ 2014ರಲ್ಲಿ ನಿಯಮ ಮಾಡಿತು, ಮೊದಲ ರೀಟ್ ಮಾರುಕಟ್ಟೆಗೆ ಬಂದದ್ದು 2019ರಲ್ಲಿ. ಅಮೆರಿಕ, ಭಾರತ ಎರಡೂ ಕಡೆ ಹಂಚಬಹುದಾದ ಆದಾಯದಲ್ಲಿ ಕನಿಷ್ಠ 90% ಹೂಡಿಕೆದಾರರಿಗೆ ಕೊಡಲೇಬೇಕು ಅಂತ ನಿಯಮ ಇದೆ. ಭಾರತದಲ್ಲಿ ಆಸ್ತಿಯ ಕನಿಷ್ಠ 80% ಕಟ್ಟಿ ಮುಗಿದು ಬಾಡಿಗೆ ಬರುತ್ತಿರುವ ಕಟ್ಟಡಗಳಲ್ಲೇ ಇರಬೇಕು.

ಸುಮ್ನೆ ಕೂತು ಪಡೆಯುವ ಬಾಡಿಗೆ ಅನ್ನುವ ಮಾತು ನಿಜವಾಗಿ ಹೊಂದುವುದು ಇದಕ್ಕೆ. ನಲ್ಲಿ ಸೋರಿದರೆ ನಿಮಗೆ ಫೋನ್ ಬರುವುದಿಲ್ಲ, ಸ್ವಲ್ಪ ದುಡ್ಡು ಬೇಕಾದರೆ ಅಷ್ಟನ್ನೇ ಮಾರಬಹುದು. ಹಾಗಂತ ಠೇವಣಿಯಷ್ಟು ಭದ್ರವಲ್ಲ. ಇದರ ಬೆಲೆ ಷೇರಿನಂತೆ ದಿನಾ ಏರಿಳಿಯುತ್ತದೆ. 2022ರಲ್ಲಿ ಅಮೆರಿಕದ ಕೇಂದ್ರ ಬ್ಯಾಂಕು ಬಡ್ಡಿ ದರವನ್ನು ಸೊನ್ನೆಯ ಹತ್ತಿರದಿಂದ 4%ಗೂ ಮೇಲಕ್ಕೆ ಏರಿಸಿದಾಗ ಅಲ್ಲಿನ ರೀಟ್‌ಗಳ ಬೆಲೆ ಜೋರಾಗಿ ಬಿತ್ತು.

‘ತಿಂಗಳಿಗೆ ಇಷ್ಟು ಬಾಡಿಗೆ ಗ್ಯಾರಂಟಿ’ ಅಂತ ಬಿಲ್ಡರ್ ಬರೆದುಕೊಡ್ತಾರೆ. ನಂಬಬಹುದಾ?

ಆ ದುಡ್ಡು ಎಲ್ಲಿಂದ ಬರುತ್ತದೆ ನೋಡಿ. 40 ಲಕ್ಷ ಬಾಳುವ ಅಂಗಡಿಯನ್ನು ನಿಮಗೆ 50 ಲಕ್ಷಕ್ಕೆ ಮಾರಿದರು. ಎರಡು ವರ್ಷ, ವರ್ಷಕ್ಕೆ 10% ಗ್ಯಾರಂಟಿ ಅಂದರು. ಎರಡು ವರ್ಷಕ್ಕೆ ಕೊಡಬೇಕಾದ್ದು 10 ಲಕ್ಷ. ನೀವು ಜಾಸ್ತಿ ಕೊಟ್ಟದ್ದೂ ಅಷ್ಟೇ. ನಿಮ್ಮ ದುಡ್ಡೇ ಕಂತಿನಲ್ಲಿ ನಿಮಗೆ ವಾಪಸ್ ಬಂತು. ಅವಧಿ ಮುಗಿದ ಮೇಲೆ ನಿಜವಾದ ಬಾಡಿಗೆ ಎಷ್ಟು ಅಂತ ಆಗ ಗೊತ್ತಾಗುತ್ತದೆ.

ಕಟ್ಟಡ ಇನ್ನೂ ಎದ್ದಿಲ್ಲದಿದ್ದರೆ ಇನ್ನೂ ಹುಷಾರಾಗಿರಬೇಕು. ಗ್ಯಾರಂಟಿ ಕೊಡುವ ಸಂಸ್ಥೆ ಮುಳುಗಿದರೆ ಆ ಕಾಗದಕ್ಕೆ ಬೆಲೆ ಇಲ್ಲ. ಅಕ್ಕಪಕ್ಕದ ಅಂಥದೇ ಜಾಗಕ್ಕೆ ಗ್ಯಾರಂಟಿ ಇಲ್ಲದೆ ಎಷ್ಟು ಬಾಡಿಗೆ ಬರುತ್ತಿದೆ ಅಂತ ವಿಚಾರಿಸಿ, ಅಷ್ಟರ ಮೇಲೆ ಲೆಕ್ಕ ಹಾಕಿ.

## ಇನ್ನೂ ಮುಂದಕ್ಕೆ

ಕ್ಯಾಪ್ ರೇಟ್ ಅಂದ್ರೇನು? ಅದು ಯಾಕೆ ಬೇಕು?

ಸಾಲದ ಕಂತನ್ನು ಲೆಕ್ಕಕ್ಕೆ ತರದೆ, ಖರ್ಚು ಕಳೆದ ವರ್ಷದ ಬಾಡಿಗೆಯನ್ನು ಆಸ್ತಿಯ ಬೆಲೆಯಿಂದ ಭಾಗಿಸಿದರೆ ಬರುವ ಶೇಕಡಾವಾರು. ಬೇರೆ ಬೇರೆ ಆಸ್ತಿಗಳನ್ನು ಹೋಲಿಸಲು ಇದು ಬೇಕು. ಇದನ್ನು ತಿರುಗಿಸಿ ನೋಡಿದರೆ ಇನ್ನೊಂದು ವಿಷಯ ಕಾಣುತ್ತದೆ. ವರ್ಷಕ್ಕೆ 6 ಲಕ್ಷ ಉಳಿಸುವ ಕಟ್ಟಡಕ್ಕೆ ಕೊಳ್ಳುವವರು 6% ಸಾಕು ಅಂದರೆ ಬೆಲೆ 1 ಕೋಟಿ. ಬಡ್ಡಿ ಏರಿ, ಅವರು 8% ಬೇಕು ಅಂದರೆ ಅದೇ ಕಟ್ಟಡದ ಬೆಲೆ 75 ಲಕ್ಷ. ಬಾಡಿಗೆ ಒಂದು ಪೈಸೆ ಕಡಿಮೆ ಆಗಿಲ್ಲ, ಬೆಲೆ ಕಾಲು ಭಾಗ ಹೋಯಿತು.

ಮನೆಗಿಂತ ಅಂಗಡಿ, ಆಫೀಸಿಗೆ ಜಾಸ್ತಿ ಬಾಡಿಗೆ ಬರುತ್ತಂತೆ. ಅದನ್ನೇ ತಗೊಳ್ಳಲಾ?

ಶೇಕಡಾವಾರು ನೋಡಿದರೆ ಸಾಮಾನ್ಯವಾಗಿ ಜಾಸ್ತಿ. ಕರಾರೂ ಹಲವು ವರ್ಷದ್ದಿರುತ್ತದೆ, ಒಳಗಿನ ರಿಪೇರಿಯನ್ನು ಎಷ್ಟೋ ಸಲ ಅವರೇ ಮಾಡಿಸಿಕೊಳ್ಳುತ್ತಾರೆ. ಆದರೆ ಖಾಲಿಯಾದರೆ ತಿಂಗಳಲ್ಲ, ವರ್ಷವೂ ಖಾಲಿ ಇರಬಹುದು. 2020ರಲ್ಲಿ ಕೊರೊನಾ ಬಂದು ಎಲ್ಲರೂ ಮನೆಯಿಂದಲೇ ಕೆಲಸ ಶುರು ಮಾಡಿದ ಮೇಲೆ ಎಷ್ಟೋ ದೊಡ್ಡ ನಗರಗಳ ಆಫೀಸು ಕಟ್ಟಡಗಳು ಮತ್ತೆ ಹಿಂದಿನಂತೆ ತುಂಬಲೇ ಇಲ್ಲ. ವಾಸಕ್ಕೆ ಮನೆ ಎಲ್ಲರಿಗೂ ಬೇಕು, ಅಂಗಡಿ ಜಾಗ ಎಲ್ಲರಿಗೂ ಬೇಡ. ಮೊದಲ ಆಸ್ತಿಗೆ ಇದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಎರಡನೇ ಮನೆ ಯಾವಾಗ ತಗೊಳ್ಳಬಹುದು?

ಮೊದಲನೆಯದು ಒಂದು ಸಲ ಖಾಲಿಯಾಗಿ ಮತ್ತೆ ತುಂಬುವವರೆಗೆ ಕಾಯಿರಿ. ಆಗ ನಿಜವಾದ ಖರ್ಚು ಗೊತ್ತಿರುತ್ತದೆ. ಸಾಲ ಇದ್ದರೆ ಇನ್ನೊಂದು ಅಳತೆ: ಖರ್ಚು ಕಳೆದ ಬಾಡಿಗೆ, ಸಾಲದ ಕಂತಿನ 1.25 ಪಟ್ಟಾದರೂ ಇರಬೇಕು. ಬಾಡಿಗೆ ಆಸ್ತಿಗೆ ಸಾಲ ಕೊಡುವ ಎಷ್ಟೋ ಬ್ಯಾಂಕುಗಳು ನೋಡುವುದೂ ಇದನ್ನೇ. ಎರಡನೆಯದನ್ನು ಅದೇ ಕಟ್ಟಡದಲ್ಲಿ, ಒಂದೇ ಕಂಪನಿಯ ನೌಕರರನ್ನು ನಂಬಿರುವ ಅದೇ ಬೀದಿಯಲ್ಲಿ ಕೊಳ್ಳಬೇಡಿ.

ಸ್ನೇಹಿತರು ಸೇರಿ ಒಟ್ಟಿಗೆ ಕೊಂಡ್ರೆ ಹೇಗೆ?

ದುಡ್ಡು ಹಾಕುವ ಮುಂಚೆ ಬಿಡುವ ದಾರಿ ಬರೆದುಕೊಳ್ಳಿ. ಒಬ್ಬರು ಹೊರಗೆ ಹೋಗಬೇಕು ಅಂದರೆ ಬೆಲೆ ಯಾರು ಕಟ್ಟುತ್ತಾರೆ, ಎಷ್ಟು ದಿನದಲ್ಲಿ ದುಡ್ಡು ಕೊಡಬೇಕು, ಒಬ್ಬರು ತೀರಿಕೊಂಡರೆ ಪಾಲು ಯಾರಿಗೆ ಅಂತ. ಎಲ್ಲರ ಹೆಸರೂ ಪಾಲಿನ ಸಮೇತ ಕ್ರಯಪತ್ರದಲ್ಲಿ ಇರಬೇಕು.

ಬಾಡಿಗೆ ಚೆನ್ನಾಗೇ ಬರ್ತಿದೆ. ಮಾರಬೇಕು ಅಂತ ಯಾವಾಗ ಅನ್ನಿಸಬೇಕು?

ತುಂಬಾ ಹಿಂದೆ 20 ಲಕ್ಷಕ್ಕೆ ಕೊಂಡವರು ‘ವರ್ಷಕ್ಕೆ 2 ಲಕ್ಷ ಉಳಿಯುತ್ತೆ, 10% ಆಯ್ತಲ್ಲ’ ಅನ್ನುತ್ತಾರೆ. ಈಗ ಮಾರಿದರೆ ತೆರಿಗೆ, ಕಮಿಷನ್ ಕಳೆದು 70 ಲಕ್ಷ ಕೈಗೆ ಬರುವಂತಿದ್ದರೆ ಅವರ 2 ಲಕ್ಷ ನಿಜಕ್ಕೂ 2.9% ಮಾತ್ರ. ಕೊಂಡ ಬೆಲೆಗೆ ಈಗ ಅರ್ಥವಿಲ್ಲ. ಆ 70 ಲಕ್ಷ ಕೈಯಲ್ಲಿದ್ದರೆ ಇವತ್ತು ಇದೇ ಮನೆಯನ್ನು ಕೊಳ್ಳುತ್ತಿದ್ದಿರಾ ಅಂತ ಕೇಳಿಕೊಳ್ಳಿ.

ಕೊಳ್ಳುತ್ತಿರಲಿಲ್ಲ ಅನ್ನಿಸಿದರೂ ತಕ್ಷಣ ಮಾರಬೇಕು ಅಂತಿಲ್ಲ. ದೊಡ್ಡ ರಿಪೇರಿ ಹತ್ತಿರ ಬಂದಿದೆಯಾ, ಸುತ್ತಮುತ್ತ ಹೊಸ ಮನೆಗಳು ಎದ್ದು ಬಾಡಿಗೆ ಏರುವುದು ನಿಂತಿದೆಯಾ, ಓಡಾಡಿ ನೋಡಿಕೊಳ್ಳಲು ನಿಮಗೆ ಈಗ ಆಗುತ್ತಿಲ್ಲವಾ ನೋಡಿ. ಇವುಗಳಲ್ಲಿ ಎರಡಕ್ಕೆ ಹೌದು ಅನ್ನಿಸಿದರೆ ಮಾರಲು ಶುರು ಮಾಡಿ. ವಾಸಕ್ಕೆ ಕೊಳ್ಳುವವರು ಖಾಲಿ ಮನೆ ಕೇಳುತ್ತಾರೆ, ಆದಾಯಕ್ಕೆ ಕೊಳ್ಳುವವರು ಬಾಡಿಗೆದಾರರು ಇದ್ದರೇ ಒಳ್ಳೆಯದು ಅನ್ನುತ್ತಾರೆ. ಹಾಗಾಗಿ ಯಾರಿಗೆ ಮಾರುತ್ತೀರಿ ಅಂತ ಮೊದಲು ತೀರ್ಮಾನಿಸಿ, ಆಮೇಲೆ ಬಾಡಿಗೆದಾರರಿಗೆ ವಿಷಯ ತಿಳಿಸಿ.